ಯಂತ್ರದ ಹೊಟ್ಟೆಯೊಳಗೆ ಯಾರ ಮಾತು?

ಜಗತ್ತಿಗೆಲ್ಲ ಒಂದೇ ಭಾಷೆ ಬೇಕೋ, ಇಲ್ಲಾ ಎಲ್ಲ ಭಾಷೆಗಳನ್ನೂ ತಿರುಗಿಸಿ ಕೊಡುವ ಯಂತ್ರ ಸಾಕೋ ಎಂಬ ಚರ್ಚೆ ಈಗ ವಿಚಾರ ಸಂಕಿರಣಗಳಲ್ಲಿ ಜೋರಾಗಿ ನಡೆಯುತ್ತಿದೆ. ಒಂದು ಕಡೆಯವರು ಹೇಳೋದು: ಎಲ್ಲರೂ ಇಂಗ್ಲಿಷ್ ಕಲಿತುಬಿಟ್ಟರೆ ಜಗಳ ಮುಗೀತು. ಇನ್ನೊಂದು ಕಡೆಯವರು ಹೇಳೋದು: ಯಾರೂ ಏನೂ ಕಲಿಯಬೇಕಾಗಿಲ್ಲ, ಫೋನ್ ಇದೆ, ಅದೇ ಹೇಳತ್ತೆ. ಎರಡೂ ಕಡೆಯವರ ಮಾತನ್ನು ನಾವು ಕೂತು ಕೇಳಿದ್ದೇವೆ. ಇಬ್ಬರೂ ವಿದ್ಯಾವಂತರು, ಇಬ್ಬರ ಹೊಟ್ಟೆಯೂ ತುಂಬಿದೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಹೋದಾಗ ನಷ್ಟ ಯಾರಿಗೆ ಅನ್ನೋ ಪ್ರಶ್ನೆಯನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಅದನ್ನು ಎತ್ತೋಣ ಅಂತಲೇ ಈ ಬರಹ.

ನಮ್ಮ ಗೆಳೆಯರೊಬ್ಬರು ಚಾಮರಾಜನಗರದ ಕಡೆಯ ತಮ್ಮ ಅಜ್ಜಿಯನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಕರಕೊಂಡು ಹೋಗಿದ್ದರು. ಮೊಮ್ಮಗ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದಾಗಲೇ ಅಜ್ಜಿಯನ್ನು ಒಳಗೆ ಕರೆದರು. ಡಾಕ್ಟರು ಉತ್ತರದ ಕಡೆಯ ಹುಡುಗ, ಬಂದು ಇನ್ನೂ ತಿಂಗಳಾಗಿರಲಿಲ್ಲ. ಫೋನನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದರು. ಅಜ್ಜಿ ಹೇಳಿತು: "ಬುದ್ದೀ, ಎದ ಒಳಗ ಬಗಬಗ ಅಂತುದ, ಎದ್ದು ನಿಂತ್ರ ತಲ ಸುತ್ತುತುದ." ಯಂತ್ರ ಹಿಂದಿಯಲ್ಲಿ ಏನೋ ಒದರಿತು. ಅದರಲ್ಲಿ ಡಾಕ್ಟರಿಗೆ ಚೆನ್ನಾಗಿ ಕೇಳಿಸಿದ್ದು 'ಬುದ್ಧಿ' ಎಂಬ ಮಾತು, 'ತಲೆ' ಎಂಬ ಮಾತು. ಅಜ್ಜಿಗೆ ಬುದ್ಧಿ ಸರಿಯಿಲ್ಲ ಅಂದುಕೊಂಡರು. ನಿದ್ದೆ ಬರುತ್ತದೆಯೇ, ಇವತ್ತು ಯಾವ ವಾರ, ಮೊಮ್ಮಗನ ಹೆಸರೇನು ಅಂತ ಫೋನಿನಿಂದ ಕೇಳಿಸಿದರು. ಅಜ್ಜಿ ಹೆದರಿ 'ಹೂ ಬುದ್ದಿ', 'ಇಲ್ಲ ಬುದ್ದಿ' ಅಂತಲೇ ಉತ್ತರ ಕೊಟ್ಟಿತು. ಒಂದೊಂದು ಉತ್ತರಕ್ಕೂ ಒಂದೊಂದು 'ಬುದ್ಧಿ' ಆ ಕಡೆ ಹೋಯಿತು. ಕೊನೆಗೆ ಮನೋರೋಗದ ವಿಭಾಗಕ್ಕೆ ಬರೆದುಕೊಡಲು ಅವರು ಪೆನ್ನು ತೆಗೆದಿದ್ದರು.

ಅಷ್ಟರಲ್ಲಿ ನೆಲ ಒರೆಸುತ್ತಿದ್ದ ಆಯಾ ಕೋಲು ಗೋಡೆಗೆ ಒರಗಿಸಿ ಬಂದಳು. ಕೋಲಾರದ ಚಿನ್ನದ ಗಣಿಯ ಕಡೆಯವಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಕನ್ನಡ, ಕೆಲಸಕ್ಕೆ ಬಂದಮೇಲೆ ಹಿಂದಿ. "ಏನಮ್ಮಾ, ಎದೆ ಉರೀತದಾ? ಎಷ್ಟು ದಿನದಿಂದ?" ಅಂತ ಕೇಳಿ, ಡಾಕ್ಟರಿಗೆ ಅವರ ಭಾಷೆಯಲ್ಲಿ ನಾಲ್ಕೇ ಮಾತಿನಲ್ಲಿ ಹೇಳಿದಳು. ಆಮೇಲೆ ಇ.ಸಿ.ಜಿ. ಮಾಡಿಸಿದರು. ಈ ಸಂಗತಿಯನ್ನು ಮೊಮ್ಮಗನಿಗೆ ಹೇಳಿದ್ದೂ ಅವಳೇ.

ಡಾಕ್ಟರು ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. ಯಂತ್ರವೂ ತನಗೆ ಕಲಿಸಿದ್ದನ್ನೇ ಹೇಳಿತು. ನಮ್ಮ ತಕರಾರು ಬೇರೆ. ನೂರಾರು ವರ್ಷ ಒಡೆಯನ ಮುಂದೆ ಕೈಕಟ್ಟಿ ನಿಂತ ಜನ ಅವನನ್ನು 'ಬುದ್ದಿ' ಎಂದು ಕರೆದರು. ಬುದ್ಧಿಯೆಲ್ಲ ನಿಮ್ಮದೇ, ನಮಗಿಲ್ಲ ಅನ್ನೋದು ಅದರ ಒಳಗಿನ ಅರ್ಥ. ಆ ಮಾತು ಅಜ್ಜಿಯ ನಾಲಗೆಯಿಂದ ಇನ್ನೂ ಹೋಗಿಲ್ಲ, ಬಿಳಿ ಕೋಟು ಕಂಡರೂ ಅದೇ ಬರುತ್ತದೆ. ನಿಘಂಟಿನ ಬುದ್ಧಿಯನ್ನು ಯಂತ್ರ ಬಲ್ಲದು, ಈ ಬುದ್ದಿಯನ್ನು ಅರಿಯದು. ಯಾಕೆಂದರೆ ಯಂತ್ರ ಓದಿದ ಪುಸ್ತಕಗಳಲ್ಲಿ ಅಜ್ಜಿ ಇರಲಿಲ್ಲ.

ಮೊದಲು ಒಂದೇ ಭಾಷೆಯ ವಿಚಾರ ನೋಡೋಣ. ಇದು ಇವತ್ತಿನ ಕನಸಲ್ಲ. ಲುಡ್ವಿಕ್ ಝಮೆನ್‌ಹೋಫ್ ಎಂಬ ಯಹೂದಿ ಕಣ್ಣಿನ ಡಾಕ್ಟರು 1887ರಲ್ಲಿ ವಾರ್ಸಾದಲ್ಲಿ ಒಂದು ಪುಟ್ಟ ಪುಸ್ತಕ ಹೊರಡಿಸಿದರು. ಯಾವ ದೇಶಕ್ಕೂ ಸೇರದ, ಯಾರಿಗೂ ತಾಯ್ನುಡಿಯಲ್ಲದ ಹೊಸ ಭಾಷೆಯೊಂದನ್ನು ಅದರಲ್ಲಿ ಕಟ್ಟಿಕೊಟ್ಟಿದ್ದರು. ಅದೇ ಎಸ್ಪೆರಾಂತೊ. ಅವರು ಹುಟ್ಟಿದ ಬ್ಯಾಲಿಸ್ಟೋಕ್ ಪಟ್ಟಣದಲ್ಲಿ ರಷ್ಯನ್ನರು, ಪೋಲಿಷರು, ಜರ್ಮನರು, ಯಹೂದಿಗಳು ನಾಲ್ಕು ಭಾಷೆ ಆಡಿಕೊಂಡು, ಒಬ್ಬರನ್ನೊಬ್ಬರು ಹಗೆಗಳಂತೆ ಕಂಡುಕೊಂಡು ಇದ್ದರು. ಎಲ್ಲರಿಗೂ ಒಂದು ನುಡಿ ಸಿಕ್ಕಿದರೆ ಈ ದ್ವೇಷ ಕರಗೀತು ಎಂದು ಆ ಮನುಷ್ಯ ನಂಬಿದ್ದರು. ಒಳ್ಳೆಯ ಮನುಷ್ಯ, ಅದರಲ್ಲಿ ನಮಗೆ ಅನುಮಾನವಿಲ್ಲ. ಬೇರೆ ದೊಡ್ಡ ಭಾಷೆಗಳೆಲ್ಲ ಹಡಗು, ಫಿರಂಗಿ, ತೆರಿಗೆಗಳ ಹಿಂದೆ ಬಂದವು. ಇದೊಂದು ಬರಿಗೈಯಲ್ಲಿ ಬಂತು. ಅದಕ್ಕೇ ಅದು ಹರಡಲಿಲ್ಲ ಅನ್ನೋದನ್ನೂ ಗಮನಿಸಬೇಕು. ಹಾಗೆ ನೋಡಿದರೆ ಅದರ ಶಬ್ದಗಳೂ ಬಹುಪಾಲು ಯುರೋಪಿನವೇ. ನಮ್ಮ ಕಡೆಯ ಒಂದು ಬೇರೂ ಅದರಲ್ಲಿಲ್ಲ ಅಂದರೆ ತಪ್ಪಾಗಲಾರದು.

ಆದರೆ 1906ರಲ್ಲಿ ಅದೇ ಬ್ಯಾಲಿಸ್ಟೋಕ್‌ನಲ್ಲಿ ಯಹೂದಿಗಳ ಕಗ್ಗೊಲೆ ನಡೆಯಿತು. 1942ರಲ್ಲಿ ಝಮೆನ್‌ಹೋಫರ ಮಗಳು ಲಿಡಿಯಾಳನ್ನು ನಾಜಿಗಳು ಟ್ರೆಬ್ಲಿಂಕಾದಲ್ಲಿ ಕೊಂದರು. ಜರ್ಮನಿಯ ಯಹೂದಿಗಳು ಆಡುತ್ತಿದ್ದದ್ದು ಶುದ್ಧ ಜರ್ಮನ್ನೇ. ಮಾತು ತಿಳಿಯದೆ ಅವರನ್ನು ಕೊಂದದ್ದಲ್ಲ.

ಅಷ್ಟು ದೂರ ಯಾಕೆ ಹೋಗಬೇಕು. 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ 44 ಜನ ದಲಿತರನ್ನು ಗುಡಿಸಲಿನೊಳಗೆ ಕೂಡಿ ಸುಟ್ಟರು. ಸುಟ್ಟವರ ಭಾಷೆ ತಮಿಳು, ಸುಟ್ಟುಹೋದವರ ಭಾಷೆಯೂ ತಮಿಳು. ಕೂಲಿ ಹೆಚ್ಚಿಸಿ ಎಂದು ಅವರು ಕೇಳಿದ್ದು ಜಮೀನುದಾರರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. 2000ದ ಮಾರ್ಚ್‌ನಲ್ಲಿ ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಜನ ದಲಿತರನ್ನು ಜೀವಂತ ಸುಟ್ಟರು. ಅಲ್ಲಿಯೂ ಎಲ್ಲರೂ ಒಂದೇ ಊರಿನ ಮಾತು ಆಡುವವರೇ. ಆರೋಪಿಗಳೆಲ್ಲ ಖುಲಾಸೆಯಾದರು. ಸಾಕ್ಷಿಗಳು ಹೇಳಿದ್ದು ಯಾಕೆ ನಿಲ್ಲಲಿಲ್ಲ ಅನ್ನೋದು ಭಾಷೆಯ ಸಮಸ್ಯೆಯಲ್ಲ, ಭಯದ ಸಮಸ್ಯೆ. ಊರಿಗೂ ಕೇರಿಗೂ ನಡುವೆ ಸಾವಿರ ವರ್ಷದಿಂದ ಒಂದೇ ಭಾಷೆ ಇದೆ. ಆ ಭಾಷೆ ನಮಗೆ ಬಾವಿಯಿಂದ ಒಂದು ಕೊಡ ನೀರು ಕೊಡಿಸಲಿಲ್ಲ.

ಹಾಗಾದರೆ ಯಂತ್ರವೇ ವಾಸಿ ಅನ್ನಬಹುದು. ಯಂತ್ರದ ಹುಟ್ಟನ್ನೂ ಸ್ವಲ್ಪ ಕೆದಕಿ ನೋಡಬೇಕು. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ವಾರೆನ್ ವೀವರ್ ಎಂಬ ಅಮೆರಿಕದ ಗಣಿತಜ್ಞರಿಗೆ ಒಂದು ವಿಚಾರ ಹೊಳೆಯಿತು. ರಷ್ಯನ್ ಭಾಷೆಯ ಲೇಖನವೊಂದನ್ನು ನೋಡಿದರೆ, ಇದು ನಿಜವಾಗಿ ಇಂಗ್ಲಿಷಿನಲ್ಲೇ ಬರೆದದ್ದು, ವಿಚಿತ್ರ ಗುರುತುಗಳಲ್ಲಿ ಬಚ್ಚಿಟ್ಟಿದ್ದಾರೆ ಅಷ್ಟೆ, ಈಗ ಬಿಡಿಸೋಣ ಅಂದುಕೊಳ್ಳುತ್ತೇನೆ ಎಂಬ ಅರ್ಥದಲ್ಲಿ ಅವರು ಬರೆದರು. ಯುದ್ಧದಲ್ಲಿ ಶತ್ರುವಿನ ಗುಪ್ತಲಿಪಿ ಬಿಡಿಸಿದ ಹಾಗೆಯೇ ಭಾಷೆಯನ್ನೂ ಬಿಡಿಸಬಹುದು ಎಂಬ ಲೆಕ್ಕ. 1949ರಲ್ಲಿ ಅವರು ಹಂಚಿದ ಟಿಪ್ಪಣಿಯಿಂದ ಈ ಕೆಲಸ ಶುರುವಾಯಿತು. 1954ರ ಜನವರಿ 7ರಂದು ನ್ಯೂಯಾರ್ಕಿನಲ್ಲಿ ಐ.ಬಿ.ಎಂ. ಕಂಪನಿ ಮತ್ತು ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು 250 ಶಬ್ದ, 6 ನಿಯಮ ಇಟ್ಟುಕೊಂಡು 60ಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ ತೋರಿಸಿದರು. ಇನ್ನು ಕೆಲವೇ ವರ್ಷದಲ್ಲಿ ಎಲ್ಲ ಮುಗಿಯುತ್ತದೆ ಎಂದು ಹೊಗಳಿಕೊಂಡರು. 1966ರಲ್ಲಿ ಅಮೆರಿಕದ ಸರ್ಕಾರದ ಸಮಿತಿಯೇ ಯಂತ್ರದ ಅನುವಾದ ಮನುಷ್ಯರ ಅನುವಾದಕ್ಕಿಂತ ನಿಧಾನ, ತಪ್ಪು ಹೆಚ್ಚು, ಖರ್ಚು ಎರಡರಷ್ಟು ಎಂದು ವರದಿ ಕೊಟ್ಟಿತು. ದುಡ್ಡು ನಿಂತಿತು. ರಷ್ಯನ್ನರ ಜೊತೆ ಸ್ನೇಹ ಮಾಡಬೇಕು ಅಂತ ಹೊರಟ ಕೆಲಸವಂತೂ ಅದಾಗಿರಲಿಲ್ಲ. ಅವರು ಏನು ಮಾಡುತ್ತಿದ್ದಾರೆ ಅಂತ ಇಣುಕಿ ನೋಡುವ ಕೆಲಸ.

ಅಂದಿನ ಯಂತ್ರಕ್ಕೂ ಇಂದಿನದಕ್ಕೂ ಅಜಗಜಾಂತರ, ಒಪ್ಪುತ್ತೇವೆ. ಈಗಿನದು ನಿಯಮ ಕಲಿಯುವುದಿಲ್ಲ, ಕೋಟಿಗಟ್ಟಲೆ ವಾಕ್ಯ ನುಂಗಿ ತಾನೇ ದಾರಿ ಹುಡುಕಿಕೊಳ್ಳುತ್ತದೆ. 2011ರಲ್ಲಿ ಗೂಗಲ್‌ನವರ ಯಂತ್ರಕ್ಕೆ ಕನ್ನಡ ಸೇರಿತು. 2022ರಲ್ಲಿ ಭಾರತ ಸರ್ಕಾರ 'ಭಾಷಿಣಿ' ಶುರುಮಾಡಿತು. ಆದರೆ ವೀವರ್ ಅವರ ಆ ಹಳೆಯ ವಿಚಾರ, ಅಂದರೆ ಎಲ್ಲ ಭಾಷೆಯೂ ವೇಷ ಹಾಕಿಕೊಂಡ ಇಂಗ್ಲಿಷ್ ಅನ್ನೋದು, ಪೂರ್ತಿ ಹೋಗಿಲ್ಲ. ಬಹಳ ಯಂತ್ರಗಳು ಕನ್ನಡದಿಂದ ತಮಿಳಿಗೆ ಹೋಗಬೇಕಾದರೂ ನಡುವೆ ಇಂಗ್ಲಿಷನ್ನು ಹಾದೇ ಹೋಗುವ ದಾರಿ ಹಿಡಿದವು. ಮೈಸೂರಿನಿಂದ ಸತ್ಯಮಂಗಲಕ್ಕೆ ಹೋಗುವವನು ಲಂಡನ್ ಮೇಲೆ ಹೋದ ಹಾಗೆ. ಕನ್ನಡದಲ್ಲಿ ನೀನು-ನೀವು ಇದೆ, ತಮಿಳಿನಲ್ಲೂ ಇದೆ. ನಡುವೆ ಇಂಗ್ಲಿಷಿನ 'ಯು' ಎಂಬ ಒಂದೇ ಬಾಗಿಲು. ಅದರೊಳಗೆ ನುಗ್ಗುವಾಗ ನೀನು-ನೀವು ಎರಡೂ ಒಂದಾಗುತ್ತವೆ. ಆಚೆ ಹೋದ ಮೇಲೆ ಯಾವುದನ್ನು ಕೊಡಬೇಕು ಅಂತ ಯಂತ್ರ ಅಂದಾಜು ಮಾಡುತ್ತದೆ. ಒಂದೇ ಭಾಷೆ ಬೇಡ, ಯಂತ್ರ ಸಾಕು ಅನ್ನುವವರಿಗೆ ನಾವು ಕೇಳೋದು ಇದನ್ನೇ: ಯಂತ್ರದ ಹೊಟ್ಟೆಯೊಳಗೇ ಒಂದು ಭಾಷೆ ಕಾಲುಚಾಚಿ ಕೂತಿದೆಯಲ್ಲ, ಅದನ್ನು ನೋಡಿದಿರಾ?

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಆ 'ಯು' ನಮಗೆ ಪ್ರಿಯವಾದದ್ದೇ. ಗೌಡನಿಗೂ ಅದೇ, ಜೀತದವನಿಗೂ ಅದೇ. 'ಲೇ ಬಾರ್ಲಾ' ಎಂದು ಕರೆಸಿಕೊಂಡು ಬೆಳೆದ ಹುಡುಗ ಮೊದಲ ಸಲ ಇಂಗ್ಲಿಷಿನಲ್ಲಿ ಮಾತಾಡಿದಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗುತ್ತದೆ. ಸಾವಿತ್ರಿಬಾಯಿ ಫುಲೆ 1854ರಷ್ಟು ಹಿಂದೆಯೇ ತಮ್ಮ ಕವನಗಳಲ್ಲಿ ಇಂಗ್ಲಿಷ್ ಕಲಿಯಿರಿ ಎಂದು ಶೂದ್ರಾತಿಶೂದ್ರರಿಗೆ ಕರೆ ಕೊಟ್ಟರು. 2010ರಲ್ಲಿ ಉತ್ತರ ಪ್ರದೇಶದ ಬಂಕಾ ಎಂಬ ಹಳ್ಳಿಯಲ್ಲಿ ದಲಿತರು ಇಂಗ್ಲಿಷ್ ದೇವತೆಗೆ ಗುಡಿ ಕಟ್ಟಲು ಹೊರಟರು. ಬುದ್ಧಿಜೀವಿಗಳು ನಕ್ಕರು. ನಕ್ಕವರ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಯಲ್ಲೇ ಓದುತ್ತಿದ್ದರು. ನಮಗೆ ಗುಡಿಯ ಬಗ್ಗೆ ತಕರಾರಿದೆ, ಹಸಿವಿನ ಬಗ್ಗೆ ಇಲ್ಲ.

ಆದರೆ ಸಾಹಿತ್ಯಕ್ಕೆ ಬಂದಾಗ ಈ 'ಯು' ಮೋಸ ಮಾಡುತ್ತದೆ. ಕಥೆಯೊಂದರಲ್ಲಿ ಸಾಹುಕಾರ 'ನೀನು' ಅಂದು, ಆಳು 'ತಾವು' ಅಂದರೆ ಕಥೆಯ ಅರ್ಧ ಅಲ್ಲೇ ಇದೆ. ಮುಂದೊಂದು ದಿನ ಆಳಿನ ಮಗ ಅದೇ ಸಾಹುಕಾರನಿಗೆ 'ನೀನು' ಅಂದರೆ ಅದು ಬಂಡಾಯ. ಇಂಗ್ಲಿಷಿನಲ್ಲಿ ಆ ಬಂಡಾಯ ನಡೆಯುವುದೇ ಇಲ್ಲ. ಇಂಗ್ಲಿಷಿನಿಂದ ವಾಪಸ್ ಕನ್ನಡಕ್ಕೆ ಬರುವಾಗಲೂ ಯಂತ್ರ ತೀರ್ಮಾನಿಸಬೇಕು: 'ಹೀ' ಅಂದರೆ ಅವನೋ, ಅವರೋ? ಅದಕ್ಕೆ ಗುರು ಯಾರು? ನಮ್ಮ ದಿನಪತ್ರಿಕೆಗಳು. ಮ್ಯಾನ್‌ಹೋಲಿಗೆ ಇಳಿದ ಪೌರಕಾರ್ಮಿಕ 'ಮೃತಪಟ್ಟಿದ್ದಾನೆ'. ಮುಖಂಡರು 'ನಿಧನರಾದರು'. ಕೂಲಿಯವಳು 'ಹೇಳಿದಳು', ಅಧಿಕಾರಿ 'ತಿಳಿಸಿದರು'. ಇವತ್ತಿನ ಯಾವ ಪತ್ರಿಕೆ ಬೇಕಾದರೂ ತೆಗೆದು ನೋಡಿ. ಇಂಥ ಕನ್ನಡ, ಸರ್ಕಾರಿ ಪ್ರಕಟಣೆಗಳ ಕನ್ನಡ, ಪ್ರಧಾನಿಗಳ ಭಾಷಣದ ಅನುವಾದ, ಬೈಬಲ್ಲಿನ ಕನ್ನಡ, ಇವೇ ಯಂತ್ರದ ಮೇವು. ಒಂದು ಜಾತಿವ್ಯವಸ್ಥೆ ಕ್ರಿಯಾಪದದ ಬಾಲದಲ್ಲಿ ಕೂತಿದ್ದರೆ ಯಂತ್ರ ಅದನ್ನು ಹೆಕ್ಕಿ ತೆಗೆದು ಬಿಸಾಕುತ್ತದೆಯೇ? ನಿಷ್ಠೆಯಿಂದ ಕಲಿಯುತ್ತದೆ.

ಇನ್ನು 'ಮೈಲಿಗೆ'. ಇದನ್ನು ಇಂಗ್ಲಿಷಿಗೆ ಹೇಗೆ ಕೊಡುತ್ತೀರಿ? ಕೊಳಕು ಅನ್ನೋಣವೆಂದರೆ ಕೊಳಕು ತೊಳೆದರೆ ಹೋಗುತ್ತದೆ. ನಮ್ಮವರು ನದಿಯಲ್ಲಿ ಮುಳುಗಿ ಎದ್ದು ಬಂದರೂ ಮೈಲಿಗೆಯೇ, ಗೌಡರ ಎಮ್ಮೆ ಕೆರೆಯಲ್ಲಿ ಹೊರಳಾಡಿ ಬಂದರೂ ಮೈಲಿಗೆಯಲ್ಲ. ಸಮಾಜಶಾಸ್ತ್ರದ ಪಂಡಿತರು ಅದನ್ನು 'ಪೊಲ್ಯೂಷನ್' ಎಂದು ಕರೆದರು. ನಮ್ಮ ಬಳಗದ ಒಬ್ಬರು ಅಂಥದ್ದೊಂದು ಇಂಗ್ಲಿಷ್ ಪ್ರಬಂಧವನ್ನು ಫೋನಿನ ಯಂತ್ರಕ್ಕೆ ಹಾಕಿ ಕನ್ನಡ ಮಾಡಿಸಿದರು. ದಲಿತರು ಮುಟ್ಟಿದ್ದರಿಂದ ಬಾವಿಗೆ 'ಮಾಲಿನ್ಯ' ಆಯಿತು ಅಂತ ಬಂತು. ಪರಿಸರ ಮಂಡಳಿಗೆ ದೂರು ಕೊಡಬೇಕು ಅನ್ನೋ ಹಾಗೆ. ನಕ್ಕೆವು, ನಿಜ. ಆದರೆ ನಮ್ಮದೇ ನೋವಿನ ಮಾತು ನಮ್ಮದೇ ಭಾಷೆಯಿಂದ ಹೊರಟು, ಇಂಗ್ಲಿಷಿಗೆ ಹೋಗಿ, ಮನೆಗೆ ವಾಪಸು ಬರುವಾಗ ಅಪರಿಚಿತವಾಗಿ ಬಂತಲ್ಲ ಅಂತ ಆಮೇಲೆ ಅನ್ನಿಸಿತು.

ಒಂದೇ ಭಾಷೆಯ ಪರವಾಗಿ ಬಾಬಾಸಾಹೇಬರೇ ಮಾತಾಡಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ಹೌದು. 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಭಾರತೀಯರೆಲ್ಲ ಹಿಂದಿಯನ್ನು ತಮ್ಮ ಭಾಷೆಯಾಗಿ ಒಪ್ಪಬೇಕು ಎಂದು ಕಟುವಾಗಿಯೇ ಹೇಳಿದರು. ನಾವು ಅದನ್ನು ಮುಚ್ಚಿಡಬೇಕಾಗಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಅದೇ ಪುಸ್ತಕದಲ್ಲಿ ಅವರು ತೋರಿಸಿದ ಇನ್ನೊಂದು ಭಯವನ್ನು ನಮ್ಮ ಕನ್ನಡ ಹೋರಾಟಗಾರರು ಓದುವುದೇ ಇಲ್ಲ. ಭಾಷೆಯ ಹೆಸರಿನ ಒಂದೊಂದು ರಾಜ್ಯದಲ್ಲೂ ಒಂದೊಂದು ಬಲಾಢ್ಯ ಜಾತಿ ಇರುತ್ತದೆ, ಆಂಧ್ರದಲ್ಲಿ ರೆಡ್ಡಿಗಳು, ಮಹಾರಾಷ್ಟ್ರದಲ್ಲಿ ಮರಾಠರು, ಉಳಿದ ಸಣ್ಣ ಜಾತಿಗಳ ಗತಿಯೇನು ಎಂದು ಅವರು ಕೇಳಿದರು. ಭಾಷೆ ಒಂದಾದ ಕೂಡಲೇ ಜನ ಒಂದಾದರು ಎಂದು ನಂಬುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕೆ? ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಲು ಬಿಡದ ಕಾರಣ ಪರ್ಷಿಯನ್ ಓದಬೇಕಾಗಿ ಬಂದ ಮನುಷ್ಯ ಅವರು. ಭಾಷೆಯ ಬಾಗಿಲಲ್ಲಿ ಕಾವಲುಗಾರ ನಿಂತಿರುತ್ತಾನೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಕನ್ನಡವನ್ನೇ ತೆಗೆದುಕೊಳ್ಳಿ. ಅದೂ ಈ ರಾಜ್ಯದೊಳಗೆ ಒಂದು 'ಸಾಮಾನ್ಯ ಭಾಷೆ'ಯೇ. ಕೊರಗರಿಗೆ, ಜೇನುಕುರುಬರಿಗೆ, ಸೋಲಿಗರಿಗೆ, ತಾಂಡಾದ ಲಂಬಾಣಿಗಳಿಗೆ ಅದು ಶಾಲೆಯ ಮೇಷ್ಟರ ಭಾಷೆ. 10,000ಕ್ಕಿಂತ ಕಡಿಮೆ ಜನ ಆಡುವ ನುಡಿಗಳನ್ನು 1971ರಿಂದ ಜನಗಣತಿಯ ಪಟ್ಟಿಯಲ್ಲಿ ಹೆಸರಿಸಿ ತೋರಿಸುವುದನ್ನೇ ಬಿಟ್ಟಿದ್ದಾರೆ. ಎಣಿಸದ ಭಾಷೆಗೆ ಶಾಲೆ ಎಲ್ಲಿಂದ ಬರಬೇಕು, ಯಂತ್ರ ಎಲ್ಲಿಂದ ಬರಬೇಕು? ಯಂತ್ರಕ್ಕೆ ಸಲ್ಲಬೇಕಾದದ್ದನ್ನೂ ಸಲ್ಲಿಸೋಣ: ಸಂವಿಧಾನದ ಎಂಟನೆಯ ಪರಿಚ್ಛೇದದ ಬಾಗಿಲಲ್ಲಿ ತುಳುವರು ವರ್ಷಗಟ್ಟಲೆ ಕಾದು ನಿಂತಿರುವಾಗ, 2024ರಲ್ಲಿ ಗೂಗಲ್‌ನವರು ತುಳುವನ್ನು ತಮ್ಮ ಯಂತ್ರಕ್ಕೆ ಸೇರಿಸಿಬಿಟ್ಟರು. ಸರ್ಕಾರಕ್ಕೆ ನಾಚಿಕೆಯಾಗಬೇಕಿತ್ತು.

ಬುದ್ಧನ ಕಾಲದಲ್ಲೂ ಈ ಜಗಳ ಬಂದಿತ್ತು. ಚುಳ್ಳವಗ್ಗದಲ್ಲಿ ಅದರ ಕಥೆ ಇದೆ. ಬ್ರಾಹ್ಮಣ ಕುಲದಿಂದ ಬಂದ, ಮಾತಿನಲ್ಲಿ ಪಳಗಿದ ಇಬ್ಬರು ಭಿಕ್ಷುಗಳು ಬುದ್ಧನ ಬಳಿ ಹೋಗಿ ದೂರಿದರು: ನಾನಾ ಗೋತ್ರದ, ನಾನಾ ಜಾತಿಯ, ನಾನಾ ಕುಲದ ಜನ ಸಂಘಕ್ಕೆ ಬಂದು ತಮ್ಮ ತಮ್ಮ ಮಾತಿನಲ್ಲಿ ನಿಮ್ಮ ವಚನವನ್ನು ಕೆಡಿಸುತ್ತಿದ್ದಾರೆ, ಅಪ್ಪಣೆಯಾದರೆ ಛಂದಸ್ಸಿಗೆ ಏರಿಸಿಬಿಡುತ್ತೇವೆ. ಬುದ್ಧ ಗದರಿ ಕಳಿಸಿದ. ಧರ್ಮವನ್ನು ಸ್ವಂತ ನುಡಿಯಲ್ಲೇ ಕಲಿಯಿರಿ ಎಂದ. ಆ 'ಸ್ವಂತ ನುಡಿ' ಯಾರದ್ದು, ಬುದ್ಧನದೋ ಭಿಕ್ಷುಗಳದೋ ಅಂತ ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ. ದೂರಿನ ಧಾಟಿ ನೋಡಿದರೆ ನಮಗಂತೂ ಅನುಮಾನವಿಲ್ಲ. ಆಮೇಲೆ ಆ ಮಾತು ಚೀನಾ, ಟಿಬೆಟ್ಟುಗಳವರೆಗೂ ಹೋಯಿತು. ಕುಮಾರಜೀವ ಕ್ರಿ.ಶ. 401ರಲ್ಲಿ ಚಾಂಗಾನ್ ನಗರಕ್ಕೆ ಬಂದು, ಸುತ್ತ ಭಿಕ್ಷುಗಳ ದಂಡನ್ನೇ ಕೂರಿಸಿಕೊಂಡು ಸೂತ್ರಗಳನ್ನು ಚೀನಿಗೆ ತಂದ. ಲೋಕಕ್ಕೆಲ್ಲ ಒಂದು ಭಾಷೆ ಮಾಡಿ ಹೋದದ್ದಲ್ಲ, ಮನುಷ್ಯರು ಕೂತು, ವಾದಿಸಿ, ತಿದ್ದಿ ಒಯ್ದದ್ದು.

ನಮ್ಮ ಸಾಹಿತ್ಯಕ್ಕೆ ಬರೋಣ. 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ' ಬಂದಾಗ ಕನ್ನಡದ ಪಂಡಿತರು ಒಂದು ನಗೆಚಾಟಿಕೆ ಹರಿಬಿಟ್ಟರು: ಇದನ್ನು ಮೊದಲು ಕನ್ನಡಕ್ಕೆ ಅನುವಾದ ಮಾಡಬೇಕು ಅಂತ. ನಂಜನಗೂಡು ಕಡೆಯ ಕೇರಿಯ ಮಾತು ಅದು. ಯುರೋಪಿನ ಕಷ್ಟದ ಕಾದಂಬರಿಗಳನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ತಿಂಗಳುಗಟ್ಟಲೆ ಓದುವ ತಾಳ್ಮೆ ಇದ್ದವರಿಗೆ ಪಕ್ಕದ ಕೇರಿಯ ಮಾತಿಗೆ ಕಿವಿಗೊಡುವ ತಾಳ್ಮೆ ಇರಲಿಲ್ಲ. ನಗೆಚಾಟಿಕೆಯೊಳಗೆ ಇದ್ದ ಸತ್ಯ ಅವರಿಗೇ ತಿಳಿಯಲಿಲ್ಲ: ಊರು ಕೇರಿಗಳ ನಡುವೆ ಅನುವಾದ ನಡೆದೇ ಇಲ್ಲ. ಕೇರಿಯವರು ಮಾತ್ರ ಊರಿನ ಕನ್ನಡ, ಪುಸ್ತಕದ ಕನ್ನಡ, ಕಚೇರಿಯ ಕನ್ನಡ ಎಲ್ಲವನ್ನೂ ಕಲಿತರು. ಕಲಿಯದಿದ್ದರೆ ಕೂಲಿ ಇಲ್ಲ. ಆ ಕಾದಂಬರಿ ಸೂಸನ್ ಡೇನಿಯಲ್ ಅವರ ಇಂಗ್ಲಿಷಿನಲ್ಲಿ 2015ರಲ್ಲಿ ಬಂತು, ಮೂವತ್ತೊಂದು ವರ್ಷದ ಮೇಲೆ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ 12 ಕಥೆಗಳು 'ಹಾರ್ಟ್ ಲ್ಯಾಂಪ್' ಎಂಬ ಹೆಸರಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಬಂಡಾಯದ ಒಡನಾಟದಲ್ಲಿ ಬೆಳೆದ ಲೇಖಕಿ, ನಮ್ಮವರು. ಅನುವಾದ ಮಾಡಿದವರು ದೀಪಾ ಭಾಸ್ತಿ. 50,000 ಪೌಂಡನ್ನು ಇಬ್ಬರಿಗೂ ಸಮವಾಗಿ ಹಂಚುತ್ತಾರೆ, ಅದು ಆ ಪ್ರಶಸ್ತಿಯ ಒಳ್ಳೆಯ ಪದ್ಧತಿ. ದೀಪಾ ಅವರು ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಹಾಗೆಯೇ ಉಳಿಸಿಕೊಂಡರು. ಓರೆ ಅಕ್ಷರದಲ್ಲಿ ಅಚ್ಚು ಹಾಕಿಸಲಿಲ್ಲ, ಅಡಿಟಿಪ್ಪಣಿ ಬರೆಯಲಿಲ್ಲ. ಓದುವವನೇ ಸ್ವಲ್ಪ ಬಗ್ಗಿ ಬರಲಿ ಎಂಬ ನಿಲುವು. ಮೊದಲ ಕಥೆಯ ಹೆಂಗಸಿಗೆ ಗಂಡನನ್ನು ಏನೆಂದು ಕರೆಯಬೇಕು ಅನ್ನೋದೇ ತೊಡಕು. ಯಜಮಾನ ಅಂದರೆ ತಾನು ಆಳಾಗುತ್ತೇನಲ್ಲ ಎಂದು ಅವಳು ಒಂದೊಂದು ಶಬ್ದವನ್ನೂ ಎತ್ತಿ ತೂಗುತ್ತಾಳೆ. ಯಂತ್ರಕ್ಕೆ 'ಯಜಮಾನ' ಕೊಟ್ಟರೆ 'ಹಸ್‌ಬೆಂಡ್' ಅನ್ನಬಹುದು, 'ಓನರ್' ಅನ್ನಬಹುದು. ಎರಡರಲ್ಲಿ ಯಾವುದನ್ನು ಆರಿಸಿದರೂ ಆ ಹೆಂಗಸಿನ ಜಗಳ ಸತ್ತುಹೋಯಿತು. ಅವಳ ಜಗಳ ಇರೋದೇ ಎರಡರ ನಡುವೆ. ಅದೇ ಬಾನು ಅವರು ಕನ್ನಡವನ್ನು ಭುವನೇಶ್ವರಿಯಾಗಿಸಿ ಅರಿಶಿನ ಕುಂಕುಮ ಹಚ್ಚಿದರೆ ನಾನೆಲ್ಲಿ ನಿಲ್ಲಲಿ ಎಂದು 2023ರಲ್ಲಿ ಕೇಳಿದ್ದರು. 2025ರಲ್ಲಿ ಅವರು ದಸರಾ ಉದ್ಘಾಟಿಸಬಾರದೆಂದು ಕೆಲವರು ಕೋರ್ಟಿಗೆ ಹೋದರು, ಸೋತರು. ಲಂಡನ್ನಿನವರಿಗೆ ಅರ್ಥವಾದ ಕನ್ನಡ ಮೈಸೂರಿನ ಕೆಲವರಿಗೆ ಅರ್ಥವಾಗಲಿಲ್ಲ.

ಯಂತ್ರ ತಪ್ಪು ಮಾಡುತ್ತದೆ, ಮನುಷ್ಯರೂ ಮಾಡುತ್ತಾರೆ. ತಪ್ಪಿನ ಬೆಲೆ ಯಾರು ಕೊಡುತ್ತಾರೆ ಅನ್ನೋದನ್ನು ನೋಡಿ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿ ಫೇಸ್‌ಬುಕ್‌ನಲ್ಲಿ ಕನ್ನಡದಲ್ಲಿ ಬಂತು. ಅಲ್ಲಿನ ಯಂತ್ರ ಅದನ್ನು ಇಂಗ್ಲಿಷ್ ಮಾಡಿ ಮುಖ್ಯಮಂತ್ರಿಗಳನ್ನೇ ತೀರಿಸಿಬಿಟ್ಟಿತು. ಕನ್ನಡದಲ್ಲಿ 'ನಿನ್ನೆ ನಿಧನರಾದ' ಅನ್ನೋದು ಮುಂದೆ ಬರುವ ಹೆಸರಿಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನ ನಡಿಗೆ ಹಿಡಿದ ಯಂತ್ರ ಅದನ್ನು ಹಿಂದೆ ಇದ್ದ ಹೆಸರಿಗೆ ಅಂಟಿಸಿತು. ಎರಡನೆಯ ಕ್ಲಾಸಿನ ಹುಡುಗ ಮಾಡದ ತಪ್ಪು. ಮುಖ್ಯಮಂತ್ರಿಗಳ ಕಡೆಯಿಂದ ಕಾಗದ ಹೋಯಿತು, ಮೆಟಾ ಕಂಪನಿ ಕ್ಷಮೆ ಕೇಳಿತು, ಮುಗೀತು.

2017ರ ಅಕ್ಟೋಬರಿನಲ್ಲಿ ಇಸ್ರೇಲಿನ ಹಿಡಿತದಲ್ಲಿರುವ ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ತೀನಿನ ಒಬ್ಬ ಕಟ್ಟಡ ಕಾರ್ಮಿಕ ಬುಲ್ಡೋಜರಿಗೆ ಒರಗಿ ನಿಂತ ತನ್ನ ಚಿತ್ರವನ್ನು ಅದೇ ಫೇಸ್‌ಬುಕ್ಕಿಗೆ ಹಾಕಿ ಅರಬ್ಬಿಯಲ್ಲಿ 'ಶುಭೋದಯ' ಎಂದು ಬರೆದ. ಯಂತ್ರ ಅದನ್ನು ಹೀಬ್ರೂವಿನಲ್ಲಿ 'ಅವರ ಮೇಲೆ ದಾಳಿ ಮಾಡಿ' ಅಂತ ಮಾಡಿತು. ಪೊಲೀಸರು ಎಳೆದುಕೊಂಡು ಹೋದರು. ಹಿಡಿಯುವ ಮೊದಲು ಅರಬ್ಬಿ ಬಲ್ಲ ಒಬ್ಬ ಅಧಿಕಾರಿಯೂ ಆ ಎರಡು ಅಕ್ಷರ ಓದಿರಲಿಲ್ಲ. ಗಂಟೆಗಟ್ಟಲೆ ವಿಚಾರಣೆ ಮಾಡಿ ಬಿಟ್ಟರು. ಆಗಲೂ ಕಂಪನಿ ಕ್ಷಮೆ ಕೇಳಿತು. ಆದರೆ ಆ ಕ್ಷಮೆ ಬರುವ ಹೊತ್ತಿಗೆ ಅವನು ಠಾಣೆಯೊಳಗೆ ಹೋಗಿ ಬಂದಾಗಿತ್ತು.

ನಮ್ಮ ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪುಗಳನ್ನು ಕನ್ನಡವೂ ಸೇರಿ ದೇಶಭಾಷೆಗಳಿಗೆ ತಿರುಗಿಸಲು 'ಸುವಾಸ್' ಎಂಬ ಯಂತ್ರ ತಂದಿತು. ಬೇಡ ಅನ್ನುವುದಿಲ್ಲ, ಬೇಕು. ಜಮೀನಿನ ಕೇಸಿನಲ್ಲಿ ಮೂವತ್ತು ವರ್ಷ ಅಲೆದವನು ತಾನು ಗೆದ್ದೆನೋ ಸೋತೆನೋ ಅಂತ ವಕೀಲರ ಮುಖ ನೋಡಿ ತಿಳಿಯಬೇಕಾದ ದೇಶ ಇದು. ಆದರೆ ಆ ಅನುವಾದದ ಜೊತೆಗೆ ಒಂದು ಸೂಚನೆಯನ್ನೂ ಅಚ್ಚು ಹಾಕುತ್ತಾರೆ: ಇದು ಕಕ್ಷಿದಾರ ತಿಳಿದುಕೊಳ್ಳಲು ಮಾತ್ರ, ಬೇರೆ ಯಾವುದಕ್ಕೂ ಬಳಸುವಂತಿಲ್ಲ, ಇಂಗ್ಲಿಷೇ ಅಧಿಕೃತ. ಅಂದರೆ ತಿಳಿದುಕೋ, ನಂಬಬೇಡ.

ಈಗ ನಮ್ಮ ಬಳಗದೊಳಗೇ ಒಂದು ಜಗಳ ಎದ್ದಿದೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹ ಸುಳ್ಳಾಗುತ್ತದೆ. ಕೆಲವು ಹುಡುಗರು ಹೇಳುತ್ತಾರೆ: ಕೇರಿಯ ಮಾತು, ಹಟ್ಟಿಯ ಮಾತು, ಅವ್ವಂದಿರ ಸೋಬಾನೆ ಪದ, ಬೈಗುಳ, ಗಾದೆ, ಎಲ್ಲವನ್ನೂ ದನಿ ಹಿಡಿದು ಯಂತ್ರಕ್ಕೆ ಹಾಕೋಣ. ಇಲ್ಲದಿದ್ದರೆ ಮುಂದಿನ ತಲೆಮಾರಿಗೆ ಕನ್ನಡ ಅಂದರೆ ಪತ್ರಿಕೆಯ ಕನ್ನಡವೊಂದೇ ಅಂತಾಗುತ್ತದೆ, ಅಜ್ಜಿಯ 'ಬುದ್ದಿ' ಯಾವತ್ತಿಗೂ ಬುದ್ಧಿಯಾಗಿಯೇ ಉಳಿಯುತ್ತದೆ. ಇನ್ನು ಕೆಲವರು, ಹೆಚ್ಚಾಗಿ ವಯಸ್ಸಾದವರು, ತಲೆ ಅಲ್ಲಾಡಿಸುತ್ತಾರೆ: ನಾವು ಬೆಳೆದ ರಾಗಿ ಹೋಗಿ ಗೌಡರ ಕಣಜ ಸೇರಿತು. ಈಗ ನಾವಾಡಿದ ಮಾತೂ ಪುಕ್ಕಟೆಯಾಗಿ ಕಂಪನಿಯ ಕಣಜ ಸೇರಬೇಕಾ? ನಾಳೆ ಅದನ್ನೇ ನಮಗೆ ಮಾರುತ್ತಾರೆ.

ಎರಡೂ ಮಾತಿನಲ್ಲಿ ಹುರುಳಿದೆ. ಸದ್ಯಕ್ಕೆ ನಾವು ಒಲಿದಿರುವುದು ಹುಡುಗರ ಕಡೆಗೆ, ಆದರೆ ಪುಕ್ಕಟೆಯಾಗಿ ಅಲ್ಲ. ದನಿ ಕೊಟ್ಟವಳಿಗೆ ದಿನಗೂಲಿ ಕೊಡಬೇಕು. ಅದರ ಅರ್ಥ ಸರಿಯೇ ಅಂತ ನೋಡಿ ಹೇಳುವ ಕೆಲಸ ಕೇರಿಯವರಿಗೇ ಸಿಗಬೇಕು, ವಿಶ್ವವಿದ್ಯಾಲಯದಿಂದ ಇಳಿದು ಬಂದವರಿಗಲ್ಲ. ಬೇಡ ಅಂದ ಹಾಡನ್ನು ತೆಗೆದುಕೊಳ್ಳಬಾರದು. ಇನ್ನು ಆಸ್ಪತ್ರೆ, ಕೋರ್ಟು, ಠಾಣೆಗಳಲ್ಲಿ ಯಂತ್ರ ಇಟ್ಟುಕೊಳ್ಳಲಿ, ಜೊತೆಗೆ ಮಾತು ಬಲ್ಲ ಮನುಷ್ಯರನ್ನೂ ನೇಮಿಸಲಿ. ಅಂಥವರನ್ನು ಹುಡುಕಲು ಜಾಹೀರಾತು ಕೊಡಬೇಕಾಗಿಲ್ಲ. ಗಣಿ ಮುಚ್ಚಿದ ಮೇಲೆ ಕೋಲಾರದಿಂದ ಬೆಳಗಿನ ರೈಲು ಹತ್ತಿ ಬರುವವರಲ್ಲಿ ನಾಲ್ಕು ಭಾಷೆ ಬಾರದವರೇ ಕಡಿಮೆ. ನಾವು ಆ ಆಯಾಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದೆವು. ಡಾಕ್ಟರುಗಳು ದಿನಕ್ಕೆ ಏಳೆಂಟು ಸಲ ಅವಳನ್ನು ಕರೆದು ಕೇಳುತ್ತಾರಂತೆ. ಸಂಬಳ ನೆಲ ಒರೆಸುವುದಕ್ಕೆ ಮಾತ್ರ, ಅದೂ ಗುತ್ತಿಗೆದಾರನ ಕೈಯಿಂದ. ಮಾತಾಡಿಸುತ್ತ ನಿಂತದ್ದಕ್ಕೆ ಒರೆಸುವ ಕೆಲಸ ತಡವಾಯಿತೆಂದು ಎರಡು ಸಲ ಬೈಸಿಕೊಂಡಿದ್ದಾಳೆ.

ಇದಕ್ಕೆ ಬೇರೆ ಅಭಿಪ್ರಾಯ ಇರುವ ಗೆಳೆಯರು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ನಿಮ್ಮ ಕೇರಿಯ ಮಾತಿನಲ್ಲೇ ಬರೆಯಿರಿ, ತಿದ್ದುವುದಿಲ್ಲ.